ಬಾಯ್ಲರ್ ಕೋಣೆಯ ಇಬ್ಬರು

ನಮ್ಮ ಮನೆಯ ಫ್ರಿಜ್ಜನ್ನು ಕಿಟಕಿಯ ಸರಳಿಗೆ ಕಟ್ಟಿ ಹಾಕಿದ್ದೇವೆ. ಕಳ್ಳರ ಭಯಕ್ಕಲ್ಲ. ಮೂಡುಬಿದಿರೆಯಲ್ಲಿ ನಾವು ಈ ಮನೆ ಕಟ್ಟಿಸಿ ಒಕ್ಕಲಾದ ದಿನ ನನ್ನ ಸೋದರಮಾವ ರುಕ್ಮಯ ಮಾವ ಅಳದಂಗಡಿಯಿಂದ ಬಂದಿದ್ದರು. ಬಂದವರು ಊಟಕ್ಕೂ ಮೊದಲು ಮನೆಯನ್ನೆಲ್ಲ ಒಂದು ಸುತ್ತು ನೋಡಿ, ಅಡುಗೆಮನೆಯಲ್ಲಿ ಫ್ರಿಜ್ಜಿನ ಎದುರು ನಿಂತು, "ಇದನ್ನು ಹೀಗೇ ಬಿಟ್ಟದ್ದಾ?" ಎಂದು ಕೇಳಿದರು. ಮತ್ತೇನು ಮಾಡಬೇಕಿತ್ತು ಎಂದು ನಾನು ಯೋಚಿಸುವುದರೊಳಗೆ ಎಲ್ಲಿಂದಲೋ ಹಗ್ಗ ತಂದು, ಎರಡು ಸುತ್ತು ಹಾಕಿ, ಗಂಟು ಬಿಗಿದು, ಒಮ್ಮೆ ಜಗ್ಗಿ ನೋಡಿ, ಸಮಾಧಾನದಿಂದ ಕೈ ತೊಳೆದುಕೊಂಡರು. ಆ ಹಗ್ಗ ಇವತ್ತಿಗೂ ಇದೆ.

ಮೊನ್ನೆ ಫ್ರಿಜ್ಜು ಕೆಟ್ಟು ರಿಪೇರಿಯ ಹುಡುಗ ಬಂದಿದ್ದ. ಇದನ್ನು ಯಾಕೆ ಕಟ್ಟಿದ್ದು ಎಂದು ಕೇಳಿದ. ಅಲೆ ಬಂದಾಗ ಬೀಳಬಾರದಲ್ಲ ಎಂದೆ. ಮೂಡುಬಿದಿರೆಯಿಂದ ಸಮುದ್ರ ನೋಡಬೇಕಾದರೆ ಬಸ್ಸು ಹತ್ತಿ ಒಂದು ಗಂಟೆಯಾದರೂ ಕೂರಬೇಕು. ಹುಡುಗ ನನ್ನ ಯಜಮಾನರ ಮುಖ ನೋಡಿದ. ಅವರು ಪೇಪರಿನಿಂದ ತಲೆ ಎತ್ತದೆ ಹೂಂ ಎಂದರು. ಅವನು ಬೇಗ ಬೇಗ ಕೆಲಸ ಮುಗಿಸಿ ಹೋದ.

ಮಾವ ನೌಕಾಪಡೆಯಲ್ಲಿದ್ದವರು. ಹದಿನೆಂಟು ತುಂಬುತ್ತಿದ್ದಂತೆ ಮನೆಯಲ್ಲಿ ಹೇಳದೆ ಹೋಗಿ ಸೇರಿ, ಒಂದೇ ಹಡಗಿನಲ್ಲಿ ವರ್ಷಗಟ್ಟಲೆ ದುಡಿದರು. ನಡುವೆ ಮೇಲಿನವರು ದಡದ ಕೆಲಸಕ್ಕೆ ಹಾಕಿದರೆ ಕಾಡಿ ಬೇಡಿ ಮತ್ತೆ ಅದೇ ಹಡಗಿಗೆ ಹೋದರು. ಕೈಯಲ್ಲಿ ಕೋವಿ ಹಿಡಿದವರಲ್ಲ, ತೋಪು ಹಾರಿಸಿದವರಲ್ಲ. ಆಗಿನ ಹಡಗುಗಳು ಉಗಿಯಲ್ಲಿ ಓಡುತ್ತಿದ್ದವು. ಹಡಗಿನ ಹೊಟ್ಟೆಯೊಳಗೆ, ನೀರಿನ ಮಟ್ಟಕ್ಕಿಂತ ಕೆಳಗೆ, ಬಾಯ್ಲರ್ ಕೋಣೆ ಎಂದೊಂದು ಇರುತ್ತಿತ್ತಂತೆ. ಅಲ್ಲಿ ಬೆಂಕಿ ಆರದಂತೆ, ಉಗಿ ಇಳಿಯದಂತೆ ನೋಡಿಕೊಳ್ಳುವವರಲ್ಲಿ ಮಾವ ಒಬ್ಬರು. ಬೆವರು ಇಳಿದು ಇಳಿದು ಮೈಯ ಉಪ್ಪೆಲ್ಲ ಹೋಗುತ್ತದೆ ಎಂದು ನೀರಿಗೆ ಉಪ್ಪು ಹಾಕಿ ಕುಡಿಯುತ್ತಿದ್ದರಂತೆ. ಇದನ್ನು ಕೇಳಿದ ಮೇಲೆ ನಾನು ಬೇಸಿಗೆಯಲ್ಲಿ ಕರೆಂಟು ಹೋದರೆ ಅವರೆದುರು ಸೆಕೆ ಎಂಬ ಶಬ್ದ ಎತ್ತುವುದಿಲ್ಲ.

ನಾವು ಮಕ್ಕಳಾಗಿದ್ದಾಗ ಮಾವ ರಜೆಯಲ್ಲಿ ಬರುವುದೆಂದರೆ ಅಜ್ಜಿಮನೆಯಲ್ಲಿ ದೊಡ್ಡ ಗೌಜಿ. ಬಸ್ಸಿನ ಮೇಲಿಂದ ಕಪ್ಪು ಟ್ರಂಕು ಇಳಿಯುತ್ತಿತ್ತು. ಅದರೊಳಗೆ ಡಬ್ಬಿಯ ಗಟ್ಟಿ ಹಾಲು, ಕತ್ತರಿಸಿದರೆ ವರ್ಷ ಬರುವ ಸೋಪಿನ ಇಟ್ಟಿಗೆ, ಎಷ್ಟು ಒಗೆದರೂ ಎಣ್ಣೆಯ ವಾಸನೆ ಬಿಡದ ಬಿಳಿ ಬಟ್ಟೆ. ಆ ಗಟ್ಟಿ ಹಾಲನ್ನು ನಾನು ಕದ್ದು ನೆಕ್ಕುವಾಗ ನಾಲಗೆ ಡಬ್ಬಿಯ ಅಂಚಿಗೆ ತಾಗಿ ಕೊಯ್ದುಕೊಂಡಿತ್ತು. ಅಜ್ಜಿ ಬಯ್ದರು. ಮಾವ ಮಾತ್ರ ಹಡಗಿನಲ್ಲಿ ದೊಡ್ಡವರಿಗೂ ಹಾಗೆ ಆಗುತ್ತದೆ ಎಂದು ನನ್ನ ಮಾನ ಉಳಿಸಿದರು. ಅಂದಿನಿಂದ ನಾನು ಅವರ ಪಾರ್ಟಿ.

ಹಡಗು ಬಿಟ್ಟು ಇಷ್ಟು ವರ್ಷವಾದರೂ ಹಡಗು ಅವರನ್ನು ಬಿಟ್ಟಿಲ್ಲ. ಹೊಸ್ತಿಲಿಲ್ಲದ ಬಾಗಿಲಲ್ಲೂ ಮೊಣಕಾಲೆತ್ತಿ ದಾಟುತ್ತಾರೆ. ಹಡಗಿನ ಬಾಗಿಲಿಗೆ ಅಷ್ಟೆತ್ತರದ ಅಂಚು ಇರುತ್ತದಂತೆ. ಬಾವಿ ತುಂಬಿ ತುಳುಕುತ್ತಿದ್ದರೂ ಅರ್ಧ ಬಾಲ್ದಿ ನೀರಲ್ಲಿ ಸ್ನಾನ. ಮದುವೆ ಊಟಕ್ಕೆ ಕೂತರೆ ಎಲೆ ಹಾಕುವ ಮೊದಲು ಮೇಜಿನ ಮೇಲೆ ನೀರು ಚಿಮುಕಿಸುತ್ತಾರೆ, ಒದ್ದೆ ಮಾಡಿದರೆ ಹಡಗು ಓಲಾಡಿದರೂ ತಟ್ಟೆ ಜಾರುವುದಿಲ್ಲ ಎಂದು. ಈಗ ಹಾಲ್‌ಗಳಲ್ಲಿ ಮೇಜಿಗೆ ಕಾಗದ ಹಾಸುತ್ತಾರಲ್ಲ, ಅದು ನೆನೆದು ಮುದ್ದೆಯಾಗಿ ಪಕ್ಕದಲ್ಲಿ ಕೂತವರ ಎಲೆಯ ಸಮೇತ ಎದ್ದು ಬರುತ್ತದೆ. ಪಕ್ಕದಲ್ಲಿ ಕೂರುವುದು ಯಾವಾಗಲೂ ನಾನೇ. ಮಾವನ ಹೆಂಡತಿ ಗುಲಾಬಿ ಮಾಮಿ ಜಾಣೆ, ಬೇರೆ ಸಾಲಿನಲ್ಲಿ ಕೂರುತ್ತಾರೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಒಂದು ಸ್ವಾತಂತ್ರ್ಯ ದಿನಕ್ಕೆ ನನ್ನ ಮಾವ ಯುದ್ಧದ ಹಡಗಿನಲ್ಲಿದ್ದವರು ಎಂದು ಜಂಬ ಕೊಚ್ಚಿ ಅವರನ್ನೇ ಅತಿಥಿಯಾಗಿ ಕರೆಸಿದೆ. ಅದಕ್ಕೆ ಮೊದಲು ತರಗತಿಯಲ್ಲಿ ಮಾವನ ಕೈಯಿಂದ ಬೇಕಾದಷ್ಟು ತೋಪು ಹಾರಿಸಿಬಿಟ್ಟಿದ್ದೆ. ಸಭೆಯಲ್ಲಿ ಒಬ್ಬ ಹುಡುಗ ಎದ್ದು, ಯುದ್ಧ ಹೇಗಿತ್ತು ಸರ್ ಎಂದು ಕೇಳಿದ. ಮಾವ ಮೈಕಿನ ಎದುರು ನಿಂತು, "ನಾನು ನೋಡಲಿಲ್ಲ ಮಗಾ. ನಾವು ಕೆಳಗಿದ್ದೆವು. ಮೇಲಿನವರು ಉಗಿ ಕೇಳ್ತಿದ್ರು, ನಾವು ಕೊಡ್ತಿದ್ದೆವು" ಎಂದು ಹೇಳಿ ಕೂತರು. ಹಾರ ಹಾಕಲು ಹಿಡಿದಷ್ಟು ಹೊತ್ತು ಭಾಷಣಕ್ಕೆ ಹಿಡಿಯಲಿಲ್ಲ. ನನಗೆ ಆಗ ನೆಲ ಬಿರಿಯಬಾರದೇ ಅನಿಸಿತ್ತು. ಈಗ ಯೋಚಿಸಿದರೆ ಆ ವೇದಿಕೆಯಲ್ಲಿ ಅಷ್ಟು ಸತ್ಯವಾದ ಮಾತನ್ನು ಬೇರೆ ಯಾವ ಅತಿಥಿಯೂ ಆಡಿದ ನೆನಪಿಲ್ಲ.

ನೌಕಾಪಡೆಯಿಂದ ಬಂದ ಮೇಲೆ ಮಾವ ಉಜಿರೆಯ ಒಂದು ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದರು. ಅಲ್ಲಿ ಊಟವಾದ ಮೇಲೆ ಗೇಟಿಗೆ ಬೀಗ ಹಾಕುವುದು ಕ್ರಮ. ಮಾವ ಹಾಕಲಿಲ್ಲ. ಬೀಗ ಹಾಕುವ ಬದಲು ತೆರೆದ ಗೇಟಿನ ನಡುವೆ ಕುರ್ಚಿ ಇಟ್ಟು ತಾವೇ ಕೂತರು. ಒಬ್ಬ ಹುಡುಗನೂ ಅವರನ್ನು ದಾಟಿ ಸಿನಿಮಾಕ್ಕೆ ಹೋಗಿಲ್ಲವಂತೆ. ಬೀಗ ಯಾಕೆ ಹಾಕುವುದಿಲ್ಲ ಎಂದು ಮೇಲಿನವರು ಕೇಳಿದರೆ, ಒಳಗೆ ಜನ ಇರುವಾಗ ಹೊರಗಿನಿಂದ ಬಾಗಿಲು ಮುಚ್ಚುವ ಕೆಲಸ ನನ್ನಿಂದ ಆಗದು, ಬೇಕಾದರೆ ಬೇರೆಯವರನ್ನು ಇಡಿ ಎಂದರಂತೆ. ಬೇರೆಯವರನ್ನು ಇಡಲಿಲ್ಲ. ಅಂಥ ವಾರ್ಡನ್ ಎಲ್ಲಿ ಸಿಗುತ್ತಾರೆ?

ಈ ಹಟದ ಬೇರು ಎಲ್ಲಿತ್ತು ಎಂದು ನನಗೆ ಹೇಳಿದ್ದು ಗುಲಾಬಿ ಮಾಮಿ. ಒಂದು ದಿನ ಇಬ್ಬರೂ ಕೂತು ಹಲಸಿನ ಹಣ್ಣಿನ ಸೊಳೆ ಬಿಡಿಸುತ್ತಿದ್ದೆವು. ಕೈಗೆ ಮೇಣ ಅಂಟಿಕೊಂಡಿದ್ದರೆ ಎದ್ದು ಹೋಗುವ ಹಾಗಿಲ್ಲ, ಅದಕ್ಕೇ ಇರಬೇಕು, ನಮ್ಮಲ್ಲಿ ಎಷ್ಟೋ ಗುಟ್ಟುಗಳು ಹಲಸಿನ ಹಣ್ಣಿನ ಎದುರೇ ಹೊರಗೆ ಬರುತ್ತವೆ. ಹಾಗೆ ನೋಡಿದರೆ ನನ್ನ ಮದುವೆಯ ಮಾತುಕತೆ ನಡೆಯುತ್ತಿದೆ ಎಂದು ನನಗೆ ಗೊತ್ತಾದದ್ದೂ ಹೀಗೆಯೇ. ಅದು ಇರಲಿ.

ಬಾಂಗ್ಲಾ ಯುದ್ಧದ ಸಮಯ. ಮಾವನ ಪಾಳಿ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿತ್ತು. ಮುಂದಿನ ಪಾಳಿಯವನು ಪಾಣೆಮಂಗಳೂರಿನ ಹಸನಬ್ಬ, ಇಡೀ ಹಡಗಿನಲ್ಲಿ ನಮ್ಮ ಕಡೆಯವನು ಅವನೊಬ್ಬನೇ. ಊರಿನ ಗೆಳೆಯ ಬೇಗ ಮೇಲೆ ಹೋಗಿ ಒಂದು ಚಾ ಕುಡಿಯಲಿ ಎಂದು ಅವನು ಹೊತ್ತಿಗೆ ಮೊದಲೇ ಇಳಿದುಬಂದ. ಮಾವ ಏಣಿ ಹತ್ತಿ ಮೇಲೆ ಬಂದು ನಿಂತರೋ ಇಲ್ಲವೋ, ಶತ್ರುಗಳ ಸಬ್‌ಮೆರೀನ್ ಹತ್ತಿರದಲ್ಲಿದೆ ಎಂದು ಗಂಟೆ ಹೊಡೆಯಿತು. ಎಲ್ಲ ಬಾಗಿಲು ಮುಚ್ಚಬೇಕೆಂದು ಆಜ್ಞೆ. ಬಾಯ್ಲರ್ ಕೋಣೆಯ ಬಾಗಿಲೆಂದರೆ ನೆಲದಲ್ಲೇ ಇರುವ ದಪ್ಪ ಕಬ್ಬಿಣದ ಮುಚ್ಚಳ. ಮುಚ್ಚಿ ಸುತ್ತಲಿನ ಹಿಡಿಗಳನ್ನು ತಿರುಗಿಸಿ ಬಿಗಿ ಮಾಡಬೇಕು. ಹಡಗಿಗೆ ತೂತು ಬಿದ್ದರೆ ನೀರು ಆ ಕೋಣೆಯಲ್ಲೇ ನಿಲ್ಲಬೇಕು, ಮೇಲೆ ಬರಬಾರದು. ಕೋಣೆಯೊಳಗೆ ಇದ್ದವರು ಅಲ್ಲೇ. ಬಾಗಿಲಿನ ಹತ್ತಿರ ಇದ್ದವರು ಮಾವ ಒಬ್ಬರೇ. ಮುಚ್ಚಿದರು.

ಏನೂ ಆಗಲಿಲ್ಲ. ಸಬ್‌ಮೆರೀನ್ ಇತ್ತೋ ಇಲ್ಲವೋ ಅದೂ ಗೊತ್ತಾಗಲಿಲ್ಲ. ಗಂಟೆಗಟ್ಟಲೆ ಹಾಗೇ ಇದ್ದು, ಆಮೇಲೆ ತೆರೆಯಿರಿ ಎಂದರು. ಹಸನಬ್ಬ ಮೇಲೆ ಬಂದು, ಚಾ ಉಂಟಾ ಎಂದು ಕೇಳಿದನಂತೆ. ಅಷ್ಟೇ. ಅವನು ಆ ಮಾತು ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಮುಚ್ಚಿದ್ದು ಯಾರೆಂದು ಅವನಿಗೆ ಗೊತ್ತುಂಟಾ, ಗೊತ್ತಿದ್ದರೆ ಮನಸ್ಸಿನಲ್ಲಿ ಎಂಥ ಇಟ್ಟುಕೊಂಡಿದ್ದಾನೆ, ಇದೊಂದನ್ನು ಕೇಳಬೇಕೆಂದು ನಿಮ್ಮ ಮಾವ ಮದುವೆಯಾದಂದಿನಿಂದ ಹೇಳುತ್ತಿದ್ದಾರೆ, ನನ್ನ ಹತ್ತಿರ ಹೇಳಿ ಏನು ಪ್ರಯೋಜನ ಎಂದು ಮಾಮಿ ಸೊಳೆಯನ್ನು ಪಾತ್ರೆಗೆ ಎಸೆದರು.

ಈ ಹಸನಬ್ಬ ನನಗೆ ಚಿಕ್ಕಂದಿನಿಂದ ಬ್ಯಾರಿ ಮಾವ; ಕರಾವಳಿಯ ಮುಸ್ಲಿಮರನ್ನು ನಮ್ಮಲ್ಲಿ ಬ್ಯಾರಿಗಳು ಎನ್ನುತ್ತಾರೆ. ಊರಿಗೆ ಬಂದ ಮೇಲೆ ಬಿ.ಸಿ.ರೋಡಿನಲ್ಲಿ ಕುಕ್ಕರ್, ಸ್ಟೌ ರಿಪೇರಿಯ ಅಂಗಡಿ ಇಟ್ಟರು. ಯುದ್ಧದ ಹಡಗಿನ ಬಾಯ್ಲರ್ ನೋಡಿಕೊಂಡವರು ಬಂಟ್ವಾಳ ತಾಲೂಕಿನ ಹೆಂಗಸರ ಕುಕ್ಕರುಗಳನ್ನು ನೋಡಿಕೊಳ್ಳತೊಡಗಿದರು. ಎರಡರಲ್ಲಿ ಯಾವುದು ಕಷ್ಟ ಎಂದು ಕೇಳಿದರೆ, ಬಾಯ್ಲರಿಗೆ ಬಾಯಿ ಇಲ್ಲ ಎನ್ನುತ್ತಿದ್ದರು. ಅವರದು ಮುಗಿಯದ ಮಾತು. ಅವರ ಅಂಗಡಿಯ ಎದುರು ಬಸ್ಸು ತಪ್ಪಿಸಿಕೊಂಡವರು ಎಷ್ಟು ಮಂದಿಯೋ. ನಾನೇ ಎರಡು ಸಲ ತಪ್ಪಿಸಿಕೊಂಡಿದ್ದೇನೆ.

ತಿಂಗಳಿಗೊಮ್ಮೆ ಪೆನ್ಶನ್ನಿನ ನೆಪ ಮಾಡಿಕೊಂಡು ಮಾವ ಅಳದಂಗಡಿಯಿಂದ ಎರಡು ಬಸ್ಸು ಬದಲಿಸಿ ಬಿ.ಸಿ.ರೋಡಿಗೆ ಹೋಗುತ್ತಿದ್ದರು. ಇಬ್ಬರೂ ಒಂದು ಹೋಟೆಲಿನಲ್ಲಿ ಕೂತು ಗೋಳಿಬಜೆ ತಿನ್ನುವುದು, ಚಾ ಕುಡಿಯುವುದು. ಮಾತಾಡುವವರು ಹಸನಬ್ಬ, ತಲೆ ಆಡಿಸುವವರು ಮಾವ. ಸಂಜೆ ಮನೆಗೆ ಬಂದೊಡನೆ ಮಾಮಿ ಕೇಳುತ್ತಿದ್ದರು, ಕೇಳಿದ್ರಾ ಎಂದು. ಮಾವನ ಉತ್ತರ ಯಾವಾಗಲೂ ಒಂದೇ, ಅವನು ಬಾಯಿ ಬಿಡಲಿಕ್ಕೆ ಬಿಡಬೇಕಲ್ಲ. ಹೀಗೇ ಇಬ್ಬರ ಕೂದಲೂ ಬೆಳ್ಳಗಾಯಿತು.

ಕಳೆದ ವರ್ಷ ಹಸನಬ್ಬರ ಸ್ವರ ಒಡೆಯಿತು. ಶೀತ ಎಂದುಕೊಂಡರು, ಕಷಾಯ ಕುಡಿದರು. ಮಂಗಳೂರಿಗೆ ಹೋದಾಗ ಅದು ಶೀತವಲ್ಲ ಎಂದಾಯಿತು. ಆಪರೇಷನ್ ಮಾಡಿ ಗಂಟಲಿನ ಗಡ್ಡೆ ತೆಗೆಯಬೇಕು, ತೆಗೆದರೆ ಜೀವಕ್ಕೆ ತೊಂದರೆಯಿಲ್ಲ, ಆದರೆ ಸ್ವರಪೆಟ್ಟಿಗೆಯೂ ಅದರೊಟ್ಟಿಗೆ ಹೋಗುತ್ತದೆ, ಮತ್ತೆ ಮಾತಿಲ್ಲ. ಸುದ್ದಿ ಕೇಳಿದ ದಿನ ಮಾವ ಊಟ ಬಿಟ್ಟರು. ಮಾಮಿ ನನಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ, "ಬರುವ ಸೋಮವಾರ ಆಪರೇಷನ್ ಅಂತೆ. ಅದರೊಳಗೆ ಇವರು ಕೇಳದಿದ್ದರೆ ಇನ್ನು ಕೇಳಿ ಎಂಥ ಮಾಡ್ಲಿಕ್ಕುಂಟು? ನೀನೇ ಕರಕೊಂಡು ಹೋಗು ಮಾರಾಯ್ತಿ."

ನಾನು ಕಾರು ಬಿಡಲು ಕಲಿತದ್ದು ರಿಟೈರ್ ಆದ ಮೇಲೆ. ಮುಂದೆ ಹೋಗುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ, ಹಿಂದೆ ಬರುವುದು ಮಾತ್ರ ಇನ್ನೂ ಕೈಗೆ ಹತ್ತಿಲ್ಲ. ಶನಿವಾರ ವೇಣೂರಿನ ದಾರಿಯಲ್ಲಿ ಅಳದಂಗಡಿಗೆ ಹೋಗಿ ಮಾವನನ್ನು ಹತ್ತಿಸಿಕೊಂಡೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪ್ಯಾಂಟು. ಗುರುವಾಯನಕೆರೆ ದಾಟಿದೆವು. ಪುಂಜಾಲಕಟ್ಟೆಯ ಹತ್ತಿರ ಮಾವ, ಇವತ್ತು ಬೇಡ, ಅವನಿಗೆ ಸುಸ್ತಿರಬಹುದು, ವಾಪಸ್ ಹೋಗುವ ಎಂದರು. ನನಗೆ ರಿವರ್ಸ್ ಬರುವುದಿಲ್ಲ ಮಾವ ಎಂದೆ. ಜೀವನದಲ್ಲಿ ಮೊದಲ ಬಾರಿ ನನ್ನ ಈ ದಡ್ಡತನದಿಂದ ಒಬ್ಬರಿಗೆ ಉಪಕಾರವಾಯಿತು.

ಪಾಣೆಮಂಗಳೂರಿನ ಮನೆಯಲ್ಲಿ ಜನವೋ ಜನ. ಇನ್ನು ಎರಡೇ ದಿನದ ಮಾತು ಎಂದು ಕೇಳಿ ನೆಂಟರು, ಅಂಗಡಿಯ ಪಕ್ಕದವರು, ಹಳೆಯ ಕುಕ್ಕರಿನ ಗಿರಾಕಿಗಳು ಎಲ್ಲ ಬಂದು ಕೂತಿದ್ದರು. ಒಬ್ಬಾಕೆ ಕುಕ್ಕರನ್ನೂ ತಂದಿದ್ದಳು. ಹಸನಬ್ಬ ಆರಾಮಕುರ್ಚಿಯಲ್ಲಿ ಕೂತು ಎಲ್ಲರಿಗೂ ಕೈಸನ್ನೆಯಲ್ಲೇ ಉತ್ತರ ಕೊಡುತ್ತಿದ್ದರು. ಇದೇನು, ಆಗಲೇ ಅಭ್ಯಾಸ ಶುರು ಮಾಡಿದರಾ ಎಂದು ಅವರ ಹೆಂಡತಿ ಐಸಮ್ಮನನ್ನು ಕೇಳಿದೆ. ಐಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಡಾಕ್ಟರು ಸ್ವರ ದಣಿಸಬೇಡಿ ಎಂದಿದ್ದಾರೆ, ನೀವು ಬರುತ್ತೀರೆಂದು ಫೋನ್ ಬಂದ ಮೇಲಂತೂ ಒಂದು ಮಾತೂ ಆಡಿಲ್ಲ, ರುಕ್ಮಯ ಬರುತ್ತಾನೆ, ಅವನಿಗೆ ಬೇಕು ಎಂದು ಉಳಿಸಿ ಇಟ್ಟಿದ್ದಾರೆ ಎಂದರು.

ನಾನೂ ಅಳುತ್ತಾ ಕೂತರೆ ಕೆಲಸ ಆಗಬೇಕಲ್ಲ. ಐಸಮ್ಮನ ಕಿವಿಯಲ್ಲಿ ಎರಡು ಮಾತು ಹೇಳಿದೆ. ಅವರು ಚಹಾಕ್ಕೆ ಬನ್ನಿ ಎಂದು ಜನರನ್ನೆಲ್ಲ ಒಳಗೆ ಕರೆದರು. ಕುಕ್ಕರಿನವಳು ಏಳಲಿಲ್ಲ, ಅವಳನ್ನು ನಾನೇ ಎಬ್ಬಿಸಿದೆ. ಮೂವತ್ತು ವರ್ಷ ಮಕ್ಕಳನ್ನು ಬೆಂಚಿನಿಂದ ಎಬ್ಬಿಸಿದ ಧ್ವನಿ, ಎಲ್ಲಿ ಹೋಗುತ್ತದೆ?

ಜಗಲಿಯಲ್ಲಿ ನಾವು ಮೂವರೇ ಉಳಿದೆವು. ಮಾವ ಮಳೆಯ ವಿಷಯ ತೆಗೆದರು. ಆಮೇಲೆ ಹೈವೇ ಕೆಲಸದ ಧೂಳಿನ ವಿಷಯ. ಆಮೇಲೆ ತೆಂಗಿನಕಾಯಿಯ ವಿಷಯ. ಹಸನಬ್ಬ ಅವರ ಮುಖವನ್ನೇ ನೋಡುತ್ತಾ ಕೂತಿದ್ದರು. ಒಳಗೆ ಲೋಟದ ಸದ್ದು ಕಡಿಮೆಯಾಗುತ್ತಾ ಬಂತು. ನನಗೆ ತಡೆಯಲಾಗಲಿಲ್ಲ. "ಬ್ಯಾರಿ ಮಾವ, ಇವರಿಗೆ ನಿಮ್ಮ ಹತ್ರ ಒಂದು ಕೇಳ್ಲಿಕ್ಕೆ ಉಂಟು" ಎಂದುಬಿಟ್ಟೆ.

ಮಾವ ನೆಲ ನೋಡಿದರು. ಆಮೇಲೆ ಕೇಳಿದರು, "ಆ ದಿನ ನೀನು ಕೆಳಗೆ ಇರುವಾಗ ಮೇಲೆ ಮುಚ್ಚಿದ್ದು ಯಾರು ಅಂತ ಗೊತ್ತುಂಟಾ ನಿನಗೆ?"

"ನೀನು" ಎಂದರು ಹಸನಬ್ಬ. ಸ್ವರ ಮರ ಕೆರೆದ ಹಾಗಿತ್ತು.

ಮಾವ ತಲೆ ಎತ್ತಲಿಲ್ಲ. ಕೂತಲ್ಲಿಯೇ ಒಂದೊಂದಾಗಿ ಹೇಳುತ್ತಾ ಹೋದರು. ಆ ಮುಚ್ಚಳದ ಹಿಡಿಗಳಲ್ಲಿ ಒಂದು ಯಾವಾಗಲೂ ಗಟ್ಟಿ, ಸುತ್ತಿಗೆಯಿಂದ ಹೊಡೆಯದೆ ತಿರುಗುತ್ತಿರಲಿಲ್ಲ. ಉಳಿದದ್ದೆಲ್ಲ ಬಿಗಿದು ಆ ಹಿಡಿಗೆ ಕೈ ಹಾಕಿದಾಗ ಅವರಿಗೆ ಮುಂದೆ ಮಾಡಲಾಗಲಿಲ್ಲವಂತೆ. ಕೈ ಹಿಡಿಯ ಮೇಲೇ ನಿಂತಿತು. ಇದೊಂದು ಸಿಕ್ಕಿಕೊಳ್ಳಲಿ, ನನ್ನಿಂದ ಆಗಲಿಲ್ಲ ಎಂದು ಹೇಳಿಬಿಡುತ್ತೇನೆ ಎಂದು ಮನಸ್ಸಿನಲ್ಲಿ ಬಂತಂತೆ. ಸಿಕ್ಕಿಕೊಳ್ಳಲಿಲ್ಲ. ಸುತ್ತಿಗೆಯಿಲ್ಲದೆ ಎಂದೂ ತಿರುಗದ ಹಿಡಿ ಅವತ್ತು ಸಲೀಸಾಗಿ ತಿರುಗಿ ಬಿಗಿದುಕೊಂಡಿತು. ಗೆಳೆಯನನ್ನು ಒಳಗೆ ಹಾಕಿ ಮುಚ್ಚುವಾಗ ನನ್ನ ಕೈಗೆ ಅಷ್ಟು ಬಲ ಎಲ್ಲಿಂದ ಬಂತು ಹಸನಬ್ಬ ಎಂದು ಕೇಳಿದರು. ಇಷ್ಟು ಉದ್ದಕ್ಕೆ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಹಸನಬ್ಬ ಎದ್ದು ಕುರ್ಚಿಯ ತುದಿಗೆ ಬಂದು ಕೂತರು. ಉಳಿಸಿಟ್ಟಿದ್ದ ಮಾತನ್ನು ಒಂದೊಂದಾಗಿ ತೆಗೆದು ಕೊಟ್ಟರು.

"ಆ ಹಿಡಿ ಕೆಳಗೂ ಉಂಟಲ್ವಾ ಮಾರಾಯ. ಒಂದೇ ಸರಳು, ಮೇಲೊಂದು ಹಿಡಿ, ಕೆಳಗೊಂದು ಹಿಡಿ. ನಿನಗೆ ಗೊತ್ತಿಲ್ವಾ?"

ಮಾವ ಮುಖ ಎತ್ತಿದರು.

"ನಾನು ಕೆಳಗಿನಿಂದ ನೋಡ್ತಾ ಇದ್ದೆ. ಒಂದೊಂದೇ ತಿರುಗಿತು. ಕಡೆಯದ್ದು ತಿರುಗಲಿಲ್ಲ. ರುಕ್ಮಯನ ಕೈ ನಿಂತಿತು ಅಂತ ಗೊತ್ತಾಯ್ತು. ಮೇಲೆ ಇನ್ನೂರು ಜನ ಉಂಟು, ಇವ ಹೀಗೆ ನಿಂತರೆ ಹೇಗೆ ಅಂತ ಏಣಿ ಹತ್ತಿದೆ. ಎರಡೂ ಕೈಯಲ್ಲಿ ನೇತು ಬಿದ್ದು ಎಳೆದೆ." ಇಲ್ಲಿ ಅವರಿಗೆ ಕೆಮ್ಮು ಬಂತು. ನೀರು ಕೊಟ್ಟೆ, ಕುಡಿಯಲಿಲ್ಲ. "ಅದನ್ನು ಹಾಕಿದ್ದು ನೀನಲ್ಲ. ನಾನು."

ಮಾವ ಅತ್ತರು. ಎಪ್ಪತ್ತು ದಾಟಿದ ಗಂಡಸು ಬಿಳಿ ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಳ್ಳುತ್ತಾ, ಯಾರು ನೋಡುತ್ತಾರೆ ಎಂಬ ಪರಿವೆಯಿಲ್ಲದೆ ಅತ್ತರು. ನಾನೂ ಅತ್ತೆ. ಲೋಟ ಹಿಡಿದು ಹೊರಗೆ ಬಂದ ಐಸಮ್ಮ ಎಂಥ ಆಯಿತು ಎಂದು ಗಾಬರಿಯಾಗಿ ನಿಂತುಬಿಟ್ಟರು. ಅಳು ಸ್ವಲ್ಪ ಇಳಿದ ಮೇಲೆ ಮಾವನಿಗೆ ಎಲ್ಲಿಲ್ಲದ ಸಿಟ್ಟು. ಇಷ್ಟು ವರ್ಷ ಲೋಕದ ಸುದ್ದಿಯನ್ನೆಲ್ಲ ಒದರಿದೆಯಲ್ಲ, ಇದೊಂದನ್ನು ಹೇಳಲು ನಿನಗೆ ಬಾಯಿ ಇರಲಿಲ್ಲವಾ ಎಂದು ಗದರಿದರು. ಹಸನಬ್ಬ ನಕ್ಕರು, ನೀನು ಕೇಳಲಿಲ್ಲ ಎಂದು ಕೈಯಲ್ಲೇ ಹೇಳಿದರು.

ಆ ಇಬ್ಬರನ್ನು ನೋಡುತ್ತಾ ಕೂತ ನನಗೆ ಅವತ್ತು ಒಂದು ಅರ್ಥವಾಯಿತು. ನಾನು ಮಕ್ಕಳ ಎದುರು ಹಾರಿಸಿದ ತೋಪುಗಳೆಲ್ಲ ಬರೀ ಸದ್ದು. ಯುದ್ಧ ಮಾಡುವುದೆಂದರೆ ಹೀಗೂ ಇರುತ್ತದೆ ಎಂದು ನಾನು ಯಾವ ಪಾಠದಲ್ಲೂ ಹೇಳಿಕೊಟ್ಟಿರಲಿಲ್ಲ. ಅವರಿಬ್ಬರ ಕಾಲು ಮುಟ್ಟಿ ನಮಸ್ಕರಿಸಬೇಕು ಅನಿಸಿತು. ಮಾಡಿದೆ. ಬೆನ್ನು ಹಿಡಿದುಕೊಂಡು ಏಳಲಾಗದೆ ಐಸಮ್ಮನ ಕೈ ಹಿಡಿಯಬೇಕಾಯಿತು, ಅದು ಬೇರೆ ಮಾತು.

ಆಪರೇಷನ್ ಚೆನ್ನಾಗಿ ಆಯಿತು. ಹಸನಬ್ಬರ ಮಾತು ಹೋಯಿತು, ಜೀವ ಉಳಿಯಿತು. ಈಗಲೂ ತಿಂಗಳಿಗೊಮ್ಮೆ ಬಿ.ಸಿ.ರೋಡಿನ ಅದೇ ಹೋಟೆಲಿನಲ್ಲಿ ಇಬ್ಬರೂ ಸೇರುತ್ತಾರೆ. ವ್ಯತ್ಯಾಸ ಏನೆಂದರೆ, ಈಗ ಮಾತಾಡುವವರು ಮಾವ. ಮನೆಯಲ್ಲೂ ಒಂದೇ ಸಮನೆ ಮಾತಂತೆ. ಮೊದಲೇ ಚೆನ್ನಾಗಿತ್ತು ಎಂದು ಗುಲಾಬಿ ಮಾಮಿ ನನ್ನ ಮೇಲೆ ದೂರು ಹೇಳುತ್ತಾರೆ.

ಹೋದ ತಿಂಗಳು ನಾನೂ ಅವರ ಜೊತೆ ಹೋಗಿದ್ದೆ. ಹೋಟೆಲಿಗೆ ಹೊಸದಾಗಿ ಸೇರಿದ ಸಪ್ಲಾಯರ್ ನೀವು ಮಿಲಿಟ್ರಿಯವರಾ ಎಂದು ಕೇಳಿದ್ದೇ ಸಾಕಾಯಿತು. ಮಾವ ಗಂಟೆ ಹೊಡೆದಲ್ಲಿಂದ ಶುರು ಮಾಡಿದರು. ಓಡಿದ್ದು, ಮುಚ್ಚಿದ್ದು, ಹಿಡಿಗಳನ್ನು ಒಂದೊಂದಾಗಿ ಬಿಗಿದದ್ದು. ಕಡೆಯ ಹಿಡಿಗೆ ಬಂದಾಗ ಮೇಜಿನ ಮೇಲೆ ಅಂಗೈ ಇಟ್ಟು ಮಾತು ನಿಲ್ಲಿಸಿದರು. ಸಪ್ಲಾಯರ್, ಮತ್ತೆ ಎಂಥ ಆಯಿತು ಎಂದು ಕಾಯುತ್ತಿದ್ದ. ಮಾವ ಹಸನಬ್ಬರ ಕಡೆ ನೋಡಿದರು. ಹಸನಬ್ಬ ಚಹಾದ ಲೋಟವನ್ನು ಪಕ್ಕಕ್ಕೆ ಸರಿಸಿ, ಎರಡೂ ಕೈಗಳನ್ನು ಮೇಜಿನ ಅಡಿಗೆ ತಂದು, ಹಲ್ಲು ಕಚ್ಚಿ, ಕೆಳಗಿನಿಂದ ತಿರುಗಿಸಿದರು.